ನನ್ನ ಲ್ಯಾಪ್‌ಟಾಪಿಗೆ ಪೋಡಿ ಮಾಡಿದ ಕಥೆ

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಆಹ್ವಾನ, ಜಾತ್ರೆ ಹ್ಯಾಂಡ್‌ಬಿಲ್ಲು, ಸಹಕಾರ ಸಂಘದ ವಾರ್ಷಿಕ ವರದಿ, ಹೀಗೆ. ಎಲ್ಲವೂ ಪುಟ ಜೋಡಿಸುವ ಪೇಜ್‌ಮೇಕರ್ 7ರಲ್ಲಿ, ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ. ಪೇಜ್‌ಮೇಕರ್ 7 ಅಂದರೆ 2001ರ ಸರಕು. ಹೊರಗಿನವರಿಗೆ ನಗು ಬರಬಹುದು, ಆದರೆ ಕನ್ನಡದ ಡಿಟಿಪಿ ಮಾಡುವವರ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ, ಆಮೇಲೆ ನಗಿ. ಗಿರಾಕಿ ಬಂದು, "ನಮ್ಮ ದೊಡ್ಡವಳ ಮದುವೇಲಿ ಮಾಡ್ಕೊಟ್ಟಿದ್ರಲ್ಲ, ಅದೇ ಥರ ಚಿಕ್ಕವಳಿಗೂ ಮಾಡ್ಕೊಡಿ" ಅನ್ನುತ್ತಾರೆ. ಆ ದೊಡ್ಡವಳ ಮದುವೆ ಆಗಿದ್ದು 2012ರಲ್ಲಿ. ಫೈಲು ತೆಗೆಯಬೇಕು, ಹೆಸರು ಬದಲಿಸಬೇಕು, ಕೊಡಬೇಕು. ನನ್ನ ಹೊಟ್ಟೆ ತುಂಬುವುದು ಆ ಹಳೇ ಫೈಲುಗಳಿಂದ.

ಇಷ್ಟು ಯಾಕೆ ಹೇಳಿದೆ ಅಂದರೆ, ನಾನು ಲಿನಕ್ಸ್ (ವಿಂಡೋಸಿನ ಹಾಗೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ) ಹಾಕಿಕೊಂಡದ್ದು ವಿಂಡೋಸ್ ಮೇಲಿನ ಸಿಟ್ಟಿನಿಂದಲ್ಲ. ವಿಂಡೋಸ್ ಬಿಡಲು ಆಗದೇ ಇದ್ದದ್ದರಿಂದ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಭದ್ರತೆಯ ಅಪ್‌ಡೇಟ್ ನಿಂತಿತು. ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಸಿಗುತ್ತದೆ ಅಂತಲೂ ಹೇಳಿದರು, ಅದೂ 2026ರ ಅಕ್ಟೋಬರ್‌ಗೆ ಮುಗಿಯುತ್ತದೆ. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಅದಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಆದರೂ ಬೇಕು. 2017ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪಿನಲ್ಲಿರುವುದು ಆರನೇ ತಲೆಮಾರಿನ ಐ3. ಯಂತ್ರ ಗಟ್ಟಿಮುಟ್ಟಾಗಿದೆ. ರ‍್ಯಾಮ್ 8 ಜಿಬಿ ಮಾಡಿಸಿದ್ದೇನೆ, 480 ಜಿಬಿಯ ಎಸ್‌ಎಸ್‌ಡಿ ಹಾಕಿಸಿದ್ದೇನೆ. ಅದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಹಾಗಂತ ರಕ್ಷಣೆಯಿಲ್ಲದ ವಿಂಡೋಸಿನಲ್ಲಿ ಬ್ಯಾಂಕು, ಜಿಎಸ್‌ಟಿ, ಗಿರಾಕಿಗಳು ಕಳಿಸುವ ಕಂಡಕಂಡ ಫೈಲು ತೆರೆಯುವುದಕ್ಕೂ ಧೈರ್ಯ ಸಾಲದು.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವ ಅಣ್ಣನ ಮಗಳು ದೀಪಾವಳಿಗೆ ಬಂದಿದ್ದಾಗ ದಾರಿ ಹೇಳಿದಳು: "ಚಿಕ್ಕಪ್ಪ, ವಿಂಡೋಸಿಗೆ ಇಂಟರ್‌ನೆಟ್ ಕಿತ್ತುಬಿಡಿ. ಅದ್ರಲ್ಲಿ ಪೇಜ್‌ಮೇಕರ್ ಮಾತ್ರ. ಹೊರಗಿನ ಕೆಲ್ಸಕ್ಕೆಲ್ಲ ಲಿನಕ್ಸ್. ಒಂದೇ ಲ್ಯಾಪ್‌ಟಾಪಲ್ಲಿ ಎರಡೂ ಇರುತ್ತೆ, ಆನ್ ಮಾಡುವಾಗ ಯಾವ್ದು ಬೇಕು ಅಂತ ಕೇಳುತ್ತೆ."

"ನೀನೇ ಹಾಕ್ಕೊಟ್ಟು ಹೋಗು ಪುಟ್ಟಿ" ಅಂದೆ.

"ನಾಳೆ ಬೆಳಿಗ್ಗೆ ಬಸ್ಸು. ನೀವೇ ಮಾಡಿ, ಫೋನಲ್ಲಿ ಇರ್ತೀನಿ. ಆದ್ರೆ ಮೊದಲು ಬ್ಯಾಕಪ್."

ಬ್ಯಾಕಪ್ ಮಾಡುವುದಕ್ಕೇ ಎರಡು ರಾತ್ರಿ ಹೋಯಿತು. ಕಾಪಿ ಆಗಲು ಅಷ್ಟು ಹೊತ್ತು ಬೇಕಿರಲಿಲ್ಲ. 'ಹೊಸದು', 'ಹೊಸದು 2', 'ಕೊನೆಯದು', 'ಇದೇ ಕೊನೆಯದು' ಅಂತ ಹೆಸರಿಟ್ಟ ಫೋಲ್ಡರುಗಳನ್ನು ತೆರೆದು ನೋಡುತ್ತಾ ಕೂತದ್ದರಿಂದ ಹಾಗಾಯಿತು. ಹೊರಗಿನ ಹಾರ್ಡ್‌ಡಿಸ್ಕಿಗೆ ಒಂದು ಪ್ರತಿ, ಹಳೇ ಡೆಸ್ಕ್‌ಟಾಪಿಗೆ ಇನ್ನೊಂದು. ಪೇಜ್‌ಮೇಕರ್ ಮತ್ತು ನುಡಿಯ ಇನ್‌ಸ್ಟಾಲರುಗಳನ್ನೂ ಹುಡುಕಿ ಇಟ್ಟುಕೊಂಡೆ. ಕೆಟ್ಟರೆ ವಿಂಡೋಸ್ ಮತ್ತೆ ಹಾಕಬಹುದು, ಈ ಸಿಡಿ ಎಲ್ಲಿಂದ ತರುವುದು?

ಹಾಕಿಕೊಳ್ಳಲು ಆರಿಸಿದ್ದು ಲಿನಕ್ಸ್ ಮಿಂಟ್. 22.2ನೇ ಆವೃತ್ತಿ, ಜಾರಾ ಅಂತ ಹೆಸರು. ಮಿಂಟ್‌ನವರು ಪ್ರತಿ ಆವೃತ್ತಿಗೂ ಹೆಣ್ಣುಮಕ್ಕಳ ಹೆಸರಿಡುತ್ತಾರೆ. ಉಬುಂಟು ಅನ್ನುವ ಇನ್ನೊಂದು ಬಗೆಯ ಲಿನಕ್ಸಿನ 24.04ನೇ ಆವೃತ್ತಿ ಇದರ ತಳಹದಿ, 2029ರವರೆಗೆ ಅಪ್‌ಡೇಟ್ ಇದೆ. ನೋಡಲಿಕ್ಕೆ ಹಳೇ ವಿಂಡೋಸಿನ ಹಾಗೆ ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು. ಸುಮಾರು 3 ಜಿಬಿಯ ಫೈಲು. ಇಳಿಸಿಕೊಂಡು, ಅದು ಸರಿಯಾಗಿ ಬಂದಿದೆಯೇ ಅಂತ ಅದರ ಚೆಕ್‌ಸಮ್ ತಾಳೆ ನೋಡಿ (64 ಅಕ್ಷರ, ನಿಜ ಹೇಳಬೇಕೆಂದರೆ ಮೊದಲ ಆರು ಮತ್ತು ಕೊನೆಯ ಆರನ್ನಷ್ಟೇ ನೋಡಿದೆ), ರುಫಸ್ ತಂತ್ರಾಂಶದಿಂದ 16 ಜಿಬಿ ಪೆನ್‌ಡ್ರೈವಿಗೆ ಬರೆದೆ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಅಂತ ಅದು ಕೇಳುತ್ತದೆ. ಹೂಂ ಅಂದೆ. ಅದರಲ್ಲಿ ಹೆಂಡತಿಯ ಸಂಘದವರ ಪ್ರವಾಸದ ಫೋಟೋ ಇದ್ದವು ಅಂತ ಆಮೇಲೆ ಗೊತ್ತಾಯಿತು. ಅದು ಬೇರೆಯೇ ಅನುಭವ, ಇಲ್ಲಿ ಬರೆಯುವುದಿಲ್ಲ.

ಇನ್ನು ಡಿಸ್ಕು ಭಾಗ ಮಾಡುವುದು. ನಮ್ಮ ಕಡೆ ಜಮೀನು ಭಾಗವಾದಾಗ ಪೋಡಿ ಮಾಡಿಸುತ್ತೇವಲ್ಲ, ಸರ್ವೆಯವರು ಬಂದು ಅಳೆದು ಕಲ್ಲು ನೆಟ್ಟು ಹೋಗುತ್ತಾರಲ್ಲ, ಅದೇ ಕೆಲಸ. ನನ್ನ ಸಿ ಡ್ರೈವ್ 250 ಜಿಬಿ, ಅದರಲ್ಲಿ 170 ಖಾಲಿ. ಡಿ ಡ್ರೈವಿನಲ್ಲಿ ಕೆಲಸದ ಫೈಲುಗಳು, ಅದನ್ನು ಮುಟ್ಟುವ ಹಾಗಿಲ್ಲ. ಸಿ ಯಿಂದ 100 ಜಿಬಿ ಬಿಡಿಸಿ ಲಿನಕ್ಸಿಗೆ ಕೊಡುವುದು ಅಂತ ಲೆಕ್ಕ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಮೇಲೆ ಶ್ರಿಂಕ್ ಅಂತ ಒತ್ತಿದೆ. 11 ಜಿಬಿ ಮಾತ್ರ ಬಿಡಬಹುದು ಅಂದಿತು.

170 ಖಾಲಿ ಇಟ್ಟುಕೊಂಡು 11 ಕೊಡುತ್ತೇನೆ ಅನ್ನುವುದು ಯಾವ ನ್ಯಾಯ ಅಂತ ಮೈಸೂರಿಗೆ ಫೋನು ಮಾಡಿದೆ. ಅವಳು ಹೇಳಿದ್ದು ಹೀಗೆ. ಶ್ರಿಂಕ್ ಮಾಡುವಾಗ ವಿಂಡೋಸ್ ಜಾಗವನ್ನು ಕೊನೆಯ ತುದಿಯಿಂದ ಕತ್ತರಿಸುತ್ತಾ ಬರುತ್ತದೆ. ದಾರಿಯಲ್ಲಿ ಸಿಕ್ಕ ಸಾಮಾನ್ಯ ಫೈಲುಗಳನ್ನು ಎತ್ತಿ ಈಚೆಗೆ ಇಡುತ್ತದೆ. ಆದರೆ ಕೆಲವನ್ನು ಅದು ಅಲ್ಲಾಡಿಸುವುದಿಲ್ಲ: ಯಂತ್ರ ಮಲಗುವಾಗ ಕೆಲಸವನ್ನು ಬರೆದಿಡುವ ಹೈಬರ್ನೇಷನ್ ಫೈಲು, ರ‍್ಯಾಮ್ ಸಾಲದಾಗ ಬಳಸುವ ಪೇಜ್ ಫೈಲು, ಸಿಸ್ಟಮ್ ರಿಸ್ಟೋರಿನ ದಾಖಲೆಗಳು. ಅಂಥದ್ದೊಂದು ತುದಿಯ ಹತ್ತಿರ ಕೂತಿದ್ದರೆ ಅಲ್ಲಿಗೇ ನಿಂತಿತು. ಹೊಲದ ನಡುವೆ ಹಿರಿಯರ ಸಮಾಧಿ ಇದ್ದ ಹಾಗೆ. ಸುತ್ತ ಎಷ್ಟೇ ಬಯಲಿದ್ದರೂ ಗೆರೆ ಅದನ್ನು ದಾಟುವುದಿಲ್ಲ.

ಹಾಗಾಗಿ ಮೊದಲು ಹೈಬರ್ನೇಷನ್ ಆಫ್ ಮಾಡಿದೆ. ಅದನ್ನು ಹೇಗೂ ಆಫ್ ಮಾಡಲೇಬೇಕಿತ್ತು. ಫಾಸ್ಟ್ ಸ್ಟಾರ್ಟಪ್ ಅನ್ನುವುದು ಅದರ ಮೇಲೇ ನಿಂತಿದೆ. ಅದು ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆಗಣ್ಣು ಬಿಟ್ಟುಕೊಂಡಿರುತ್ತದೆ. ಡ್ರೈವುಗಳು ಇನ್ನೂ ತನ್ನ ಕೈಲಿವೆ ಅಂತ ಗುರುತು ಹಾಕಿರುತ್ತದೆ. ಆಗ ಲಿನಕ್ಸಿನಿಂದ ಆ ಡ್ರೈವಿಗೆ ಬರೆಯಲು ಹೋದರೆ ಓದುವುದಕ್ಕಷ್ಟೇ ಅವಕಾಶ. ಆಮೇಲೆ ಪೇಜ್ ಫೈಲು ತೆಗೆದೆ, ಸಿಸ್ಟಮ್ ರಿಸ್ಟೋರ್ ನಿಲ್ಲಿಸಿದೆ, ರೀಸ್ಟಾರ್ಟ್ ಮಾಡಿದೆ. ಈಗ ಕೇಳಿದರೆ ಒಂದು ಲಕ್ಷದ ಹದಿನೆಂಟು ಸಾವಿರ ಎಂಬಿ ಕೊಡುತ್ತೇನೆ ಅಂದಿತು! ಅಲ್ಲಿ ಲೆಕ್ಕ ಎಂಬಿಯಲ್ಲೇ ಕೊಡಬೇಕು. 100 ಜಿಬಿ ಅಂದರೆ 1,02,400. ಹೊಡೆದೆ. ಸಿ ಪಕ್ಕದಲ್ಲಿ ಕಪ್ಪು ಪಟ್ಟಿಯ ಒಂದು ಖಾಲಿ ತುಂಡು ಹುಟ್ಟಿಕೊಂಡಿತು. ಪೇಜ್ ಫೈಲನ್ನು ಮತ್ತೆ ಹಾಕಿದೆ, ಅದಿಲ್ಲದೆ ದೊಡ್ಡ ಫೈಲು ತೆರೆದರೆ ವಿಂಡೋಸ್ ಏದುಸಿರು ಬಿಡುತ್ತದೆ.

ಇನ್ನೆರಡು ನೋಡಿಕೊಳ್ಳಲು ಹೇಳಿದ್ದಳು. ಬಿಟ್‌ಲಾಕರ್ ಇದೆಯೇ, ಅಂದರೆ ಡ್ರೈವಿಗೆ ಬೀಗ ಬಿದ್ದಿದೆಯೇ. ಇದ್ದರೆ ಅದರ 48 ಅಂಕಿಯ ಕೀ ಬರೆದಿಟ್ಟುಕೊಳ್ಳದೆ ಮುಂದಕ್ಕೆ ಹೋಗಬಾರದು. ನನ್ನದರಲ್ಲಿ ಇರಲಿಲ್ಲ. ಇನ್ನೊಂದು, ವಿಂಡೋಸ್ ಯುಇಎಫ್‌ಐ ಅನ್ನುವ ಹೊಸ ವಿಧಾನದಲ್ಲಿ ಬೂಟ್ ಆಗುತ್ತಿದೆಯೋ, ಅಂದರೆ ಏಳುತ್ತಿದೆಯೋ, ಹಳೇ ವಿಧಾನದಲ್ಲೋ. ಪೆನ್‌ಡ್ರೈವನ್ನೂ ಅದೇ ವಿಧಾನದಲ್ಲೇ ಎಬ್ಬಿಸಬೇಕು, ಇಲ್ಲದಿದ್ದರೆ ಎರಡಕ್ಕೂ ಒಂದೇ ಮೆನು ಸಿಗುವುದಿಲ್ಲ. ನನ್ನದು ಯುಇಎಫ್‌ಐ.

ಭಾನುವಾರ ಬೆಳಿಗ್ಗೆ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ಪೆನ್‌ಡ್ರೈವಿನಿಂದ ಮಿಂಟ್ ಎದ್ದಿತು. ಇನ್‌ಸ್ಟಾಲ್ ಮಾಡದೆಯೂ ಅದನ್ನು ಹಾಗೇ ಬಳಸಿ ನೋಡಬಹುದು. ಟಚ್‌ಪ್ಯಾಡು ಸರಿ, ಸೌಂಡು ಸರಿ, ಪ್ರಿಂಟರನ್ನು ನಾನು ಹೇಳುವ ಮುಂಚೆ ತಾನೇ ಹಿಡಿದುಕೊಂಡಿತು. ವೈಫೈ ಮಾತ್ರ ಇಲ್ಲ. ಚಿಪ್ಪಿನ ಕಂಪನಿಯ ಡ್ರೈವರ್ ಬೇರೆಯಾಗಿ ಹಾಕಬೇಕಂತೆ. ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿದೆ, ನೆಟ್ ಬಂತು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಲಿನಕ್ಸಿಗೆ ಐದು ವರ್ಷ ಮುಂಚೆಯೇ ಬರುತ್ತಿದ್ದೆನೋ ಏನೋ.

ಇನ್‌ಸ್ಟಾಲರ್ ಒಂದು ಕಡೆ ಕೇಳುತ್ತದೆ: ವಿಂಡೋಸ್ ಪಕ್ಕದಲ್ಲಿ ಹಾಕಲೇ, ಇಡೀ ಡಿಸ್ಕ್ ಅಳಿಸಿ ಹಾಕಲೇ, ಅಥವಾ 'ಸಂಥಿಂಗ್ ಎಲ್ಸ್', ಅಂದರೆ ನೀನೇ ತೋರಿಸು. ಎರಡನೆಯದರ ಮೇಲೆ ಕೈ ಜಾರಿದರೆ ಹದಿನೈದು ವರ್ಷದ ಲಗ್ನಪತ್ರಿಕೆಗಳು ಹೋದವು. ನಾನು ಮೂರನೆಯದನ್ನು ಹಿಡಿದೆ, ಗಡಿ ನಾನೇ ಕಣ್ಣಾರೆ ನೋಡಬೇಕು ಅಂತ. ಆದರೆ ತೆರೆದರೆ ಅಲ್ಲಿ ಸಿ ಇಲ್ಲ, ಡಿ ಇಲ್ಲ. ಎಸ್‌ಡಿಎ1, ಎಸ್‌ಡಿಎ2, ಎಸ್‌ಡಿಎ3. ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಹಿಂದಿನ ರಾತ್ರಿಯೇ ಒಂದು ರಿಜೆಕ್ಟಾದ ಕಾರ್ಡಿನ ಹಿಂಬದಿಯಲ್ಲಿ ಚಕ್ಕುಬಂದಿ ಬರೆದುಕೊಂಡಿದ್ದೆ: ಮೊದಲು ಬೂಟ್ ಮಾಡಿಸುವ ಫೈಲುಗಳ 100 ಎಂಬಿಯ ಇಎಫ್‌ಐ, ಆಮೇಲೆ 16 ಎಂಬಿಯದ್ದೊಂದು ಚೂರು, ಆಮೇಲೆ ಸಿ, ಅದರ ಬಲಕ್ಕೆ ಖಾಲಿ, ಅದರ ಬಲಕ್ಕೆ ಡಿ. ಅಳತೆ ನೋಡಿ ನೋಡಿ ಗುರುತು ಹಚ್ಚಿದೆ. ಖಾಲಿ ತುಂಡಿನ ಮೇಲೆ ಮಾತ್ರ ಲಿನಕ್ಸಿನ ಫಾರ್ಮ್ಯಾಟಾದ ಎಕ್ಸ್‌ಟಿ4 ಮಾಡಿ, ಇದೇ ಲಿನಕ್ಸಿನ ಮೂಲ ಜಾಗ ಅಂತ ಒಂದು ಓರೆಗೆರೆ (/) ಕೊಟ್ಟೆ. ಇಎಫ್‌ಐ ಭಾಗವನ್ನು ಎರಡೂ ಹಂಚಿಕೊಳ್ಳುತ್ತವೆ. ಅದನ್ನು ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಏಳುವುದಿಲ್ಲ. ಫಾರ್ಮ್ಯಾಟ್ ಕಾಲಮ್ಮಿನಲ್ಲಿ ಒಂದೇ ಒಂದು ಟಿಕ್ ಇರಬೇಕು ಅಂತ ಅವಳು ಮೂರು ಸಲ ಹೇಳಿದ್ದಳು. ನಾನು ನಾಲ್ಕು ಸಲ ಎಣಿಸಿದೆ. ಒಂದೇ.

"ರೀ, ಉಪ್ಪಿಟ್ಟು ಆರೋಗ್ತಿದೆ" ಅಂತ ಮನೆಯಿಂದ ಫೋನು. "ಐದು ನಿಮಿಷ" ಅಂದು, ಇನ್‌ಸ್ಟಾಲ್ ನೌ ಒತ್ತಿದೆ.

ಮುಂದೆ ಟೈಮ್ ಝೋನ್, ಹೆಸರು, ಪಾಸ್‌ವರ್ಡ್. ಸೆಕ್ಯೂರ್ ಬೂಟ್‌ಗೆ ಅಂತ ಇನ್ನೊಂದು ಪಾಸ್‌ವರ್ಡ್ ಕೇಳಿತು, ಯಾಕೆ ಅಂತ ಓದದೆ ಕೊಟ್ಟೆ. ಇಪ್ಪತ್ತು ನಿಮಿಷ ಹಿಡಿಯಲಿಲ್ಲ, ಮುಗಿಯಿತು. ತಯಾರಿಗೆ ಹತ್ತು ದಿನ, ಕೆಲಸಕ್ಕೆ ಇಪ್ಪತ್ತು ನಿಮಿಷ.

ರೀಸ್ಟಾರ್ಟ್ ಮಾಡಿದರೆ ನೇರ ವಿಂಡೋಸ್ ಬಂದು ಕೂತಿತು. ಮೆನುವೂ ಇಲ್ಲ ಏನೂ ಇಲ್ಲ. ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯಾಸಿಗೆ ಹೋಗಿ ಬೂಟ್ ಪಟ್ಟಿ ನೋಡಿದರೆ ಅಲ್ಲಿ ಮಿಂಟ್ ಅನ್ನುವ ಹೆಸರೇ ಇಲ್ಲ. ಸುಮಾರು ಹೊತ್ತು ತಲೆ ಕೆರೆದುಕೊಂಡೆ. ಎರಡನೇ ಸಾಲಿನಲ್ಲಿ 'ಉಬುಂಟು' ಅಂತ ಇತ್ತು. ನಾನೆಲ್ಲಿ ಉಬುಂಟು ಹಾಕಿದೆ? ಮಿಂಟ್ ತನ್ನನ್ನು ಅಲ್ಲಿ ಬರೆಸಿಕೊಳ್ಳುವುದೇ ಆ ಹೆಸರಿನಲ್ಲಂತೆ. ಅನುಭವದಲ್ಲಿರುವವರು ಒಬ್ಬರು, ಖಾತೆ ಇನ್ನೊಬ್ಬರ ಹೆಸರಿನಲ್ಲಿ. ಅದನ್ನು ಮೇಲಕ್ಕೆ ತಂದು ಸೇವ್ ಮಾಡಿ ಹೊರಗೆ ಬಂದರೆ, ನೀಲಿ ಸ್ಕ್ರೀನು!

ವಿಂಡೋಸ್ ಬಳಸಿದವರಿಗೆ ನೀಲಿ ಪರದೆ ಅಂದರೆ ಸಾವಿನ ಸುದ್ದಿ. ಅದರಲ್ಲಿ ಯಾವುದಾದರೂ ಕೀ ಒತ್ತಿ ಅಂತ ಹತ್ತರಿಂದ ಕೆಳಗೆ ಎಣಿಕೆ ಬೇರೆ ನಡೆದಿತ್ತು. ನಾನು ಕೈ ಹಿಂದಕ್ಕೆ ಎಳೆದುಕೊಂಡು ಸುಮ್ಮನೆ ನೋಡಿದೆ. ಎಣಿಕೆ ಮುಗಿಯಿತು, ಪರದೆ ಹೋಯಿತು, ಕಪ್ಪು ಮೆನು ಬಂತು, ಮಿಂಟ್ ಎದ್ದಿತು. ಬದುಕಿದೆ ಅಂದುಕೊಂಡು ಉಪ್ಪಿಟ್ಟಿಗೆ ಹೋದೆ.

ಮಧ್ಯಾಹ್ನ ಡ್ರೈವರ್ ಮ್ಯಾನೇಜರಿನಲ್ಲಿ ವೈಫೈ ಡ್ರೈವರ್ ಆರಿಸಿ ಹಾಕಿದೆ. ಹಾಕಿದ್ದೇನೆ ಅನ್ನುತ್ತದೆ, ವೈಫೈ ಇಲ್ಲ. ಮತ್ತೆ ತೆಗೆದು ಮತ್ತೆ ಹಾಕಿದೆ. ಇಲ್ಲ. ಸಂಜೆ ಮೈಸೂರಿಗೆ ಫೋನು.

"ನೀಲಿ ಸ್ಕ್ರೀನ್ ಬಂದಿತ್ತಾ ಚಿಕ್ಕಪ್ಪ?"

"ಬಂದಿತ್ತು, ದೇವರ ದಯೆ, ತಾನೇ ಹೋಯ್ತು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು.

ಆದದ್ದು ಇಷ್ಟು. ಸೆಕ್ಯೂರ್ ಬೂಟ್ ಅಂದರೆ ಸಹಿ ಇಲ್ಲದ ಯಾವುದನ್ನೂ ಒಳಗೆ ಬಿಡದ ಕಾವಲುಗಾರ. ಮಿಂಟಿಗೆ ಸಹಿ ಇದೆ. ಆದರೆ ಈ ವೈಫೈ ಡ್ರೈವರ್ ನನ್ನ ಲ್ಯಾಪ್‌ಟಾಪಿನಲ್ಲೇ ಕಟ್ಟಿಕೊಳ್ಳುವಂಥದ್ದು, ಅದರ ಸಹಿಯೂ ಇಲ್ಲೇ ಹುಟ್ಟಿದ್ದು. ಆ ಸಹಿಯನ್ನು ನಂಬಬಹುದು ಅಂತ ಯಂತ್ರದ ಎದುರು ಕೂತ ಮನುಷ್ಯನೇ ಬಂದು ಒಪ್ಪಿಗೆ ಕೊಡಬೇಕು. ಆ ಒಪ್ಪಿಗೆ ಕೇಳಲು ಬಂದದ್ದೇ ಆ ನೀಲಿ ಪರದೆ. ಹತ್ತು ಸೆಕೆಂಡ್ ಕಾದು, ಯಾರೂ ಮಾತಾಡದೇ ಇದ್ದದ್ದಕ್ಕೆ ಹೊರಟುಹೋಯಿತು. ಟರ್ಮಿನಲ್ಲಿನಲ್ಲಿ ಮೋಕ್‌ಯುಟಿಲ್ ಅನ್ನುವ ಆದೇಶ ಕೊಟ್ಟು ಅದನ್ನು ಮತ್ತೆ ಕರೆಸಿದೆವು. ಈ ಸಲ ಕೀ ಒತ್ತಿ, ಎನ್‌ರೋಲ್ ಮೋಕ್, ಕಂಟಿನ್ಯೂ, ಎಸ್, ಕೊಟ್ಟ ಪಾಸ್‌ವರ್ಡ್, ರೀಬೂಟ್. ವೈಫೈ ಗುರುತು ಮೂಲೆಯಲ್ಲಿ ಮೂಡಿತು.

ಮಂಗಳವಾರ ರಾತ್ರಿ ಇನ್ನೊಂದು. ಪೇಜ್‌ಮೇಕರಿಗೆ ಅಂತ ವಿಂಡೋಸ್ ಎಬ್ಬಿಸಿದೆ. ಗೋಡೆಯ ಗಡಿಯಾರದಲ್ಲಿ 9:40, ಲ್ಯಾಪ್‌ಟಾಪಿನಲ್ಲಿ ಸಂಜೆ 4:10. ಸರಿ ಮಾಡಿದೆ. ಮಾರನೇ ದಿನ ಲಿನಕ್ಸಿಗೆ ಹೋಗಿ ಬಂದರೆ ಮತ್ತೆ ಹಾಗೇ. ಬೋರ್ಡಿನ ಬ್ಯಾಟರಿ ಹೋಗಿದೆ ಅಂತ ತೀರ್ಮಾನಿಸಿ ಬಿಚ್ಚಿಸಲು ಹೊರಟಿದ್ದೆ.

"ಸರಿಯಾಗಿ ಎಷ್ಟು ಹಿಂದೆ ಇದೆ? ಐದೂವರೆ ಗಂಟೆನಾ?" ಅಂದಳು.

ಲೆಕ್ಕ ಹಾಕಿದೆ. ಹೌದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಐದೂವರೆ.

"ಹಾಗಾದ್ರೆ ಬ್ಯಾಟರಿ ಅಲ್ಲ, ಆರ್‌ಟಿಸಿ."

ತಿಪಟೂರಿನವನಿಗೆ ಆರ್‌ಟಿಸಿ ಅಂದರೆ ಪಹಣಿ. ಪೋಡಿ ಮಾಡಿದ ಮೇಲೆ ಪಹಣಿಯಲ್ಲಿ ತಪ್ಪು ಬರದಿದ್ದರೆ ಅದು ಪೋಡಿಯೇ ಅಲ್ಲ ಅಂತ ನಾನೂ ನಕ್ಕೆ. ಇದು ಬೇರೆ ಆರ್‌ಟಿಸಿ, ರಿಯಲ್ ಟೈಮ್ ಕ್ಲಾಕ್, ಯಂತ್ರ ಆರಿಸಿದಾಗಲೂ ಓಡುತ್ತಿರುವ ಪುಟ್ಟ ಗಡಿಯಾರ. ಲಿನಕ್ಸ್ ಅದರಲ್ಲಿ ಗ್ರೀನ್‌ವಿಚ್ ಲೆಕ್ಕದ ಜಾಗತಿಕ ಸಮಯ ಬರೆದಿಡುತ್ತದೆ, ತೋರಿಸುವಾಗ ಐದೂವರೆ ಗಂಟೆ ಕೂಡಿಸುತ್ತದೆ. ವಿಂಡೋಸ್ ಅದರಲ್ಲಿರುವುದೇ ಊರಿನ ಸಮಯ ಅಂತ ನಂಬುತ್ತದೆ. ಇಂಟರ್‌ನೆಟ್ ಇದ್ದಿದ್ದರೆ ವಿಂಡೋಸ್ ತಡವಾಗಿಯಾದರೂ ತಿದ್ದಿಕೊಳ್ಳುತ್ತಿತ್ತು, ನಾನು ಅದರ ನೆಟ್ ಕಿತ್ತಿದ್ದೆನಲ್ಲ. ಲಿನಕ್ಸಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಅನ್ನುವ ಒಂದು ಸಾಲಿನ ಆದೇಶ ಕೊಟ್ಟು, ನೀನೂ ಊರಿನ ಸಮಯವನ್ನೇ ಬರೆ ಅಂದೆವು. ಹೀಗೆ ಮಾಡಿದರೆ ತೊಡಕಾಗಬಹುದು ಅಂತ ಲಿನಕ್ಸ್ ಎಚ್ಚರಿಸುತ್ತದೆ. ಅದು ಮುಖ್ಯವಾಗಿ ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವ ದೇಶಗಳವರ ಕಷ್ಟ. ನಮಗೆ ಆ ರಗಳೆ ಇಲ್ಲ.

ಗಮನಿಸಿದರೆ, ನನ್ನ ಗೋಳೆಲ್ಲ ಎರಡೂ ಹಂಚಿಕೊಂಡ ಕಡೆಯೇ ಇತ್ತು. ಡಿಸ್ಕು, ಬೂಟ್ ಪಟ್ಟಿ, ಗಡಿಯಾರ. ವೈಫೈ ಒಂದು ಬಿಟ್ಟರೆ ಲಿನಕ್ಸ್ ತನ್ನಷ್ಟಕ್ಕೆ ತಾನು ಏನೂ ತಂಟೆ ಮಾಡಲಿಲ್ಲ.

ಕನ್ನಡ ಟೈಪಿಂಗಿನ ಬಗ್ಗೆ ಭಯವಿತ್ತು. ಬೇರೆ ಬೇರೆ ಭಾಷೆ ಟೈಪಿಸಲು ನೆರವಾಗುವ ಐಬಸ್ ಹಾಕಿ, ಅದರ ಎಂ17ಎನ್ ಪಟ್ಟಿಯಲ್ಲಿ ನೋಡಿದರೆ ಕೆಜಿಪಿ ಅಂತ ಒಂದು ಕೀಲಿಮಣೆ. ಕನ್ನಡ ಗಣಕ ಪರಿಷತ್ತಿನದು, ಅಂದರೆ ನಮ್ಮ ನುಡಿಯದ್ದೇ, ಕೆ. ಪಿ. ರಾವ್ ಅವರ ವಿನ್ಯಾಸದ್ದು. ಕೆ, ಎನ್, ಎಫ್, ಎನ್, ಡಬ್ಲ್ಯು ಅಂತ ಒತ್ತಿದೆ. 'ಕನ್ನಡ' ಅಂತ ಬಂತು. ಬೆರಳುಗಳಿಗೆ ಬೇರೆ ಊರಿಗೆ ಬಂದದ್ದೇ ಗೊತ್ತಾಗಲಿಲ್ಲ. ಗುಬ್ಬಿ, ನವಿಲು ಅನ್ನುವ ಕನ್ನಡ ಫಾಂಟುಗಳನ್ನೂ ಹಾಕಿಕೊಂಡೆ, ಗುಬ್ಬಿ ನಮ್ಮ ಜಿಲ್ಲೆಯದೇ ತಾಲ್ಲೂಕು ಅನ್ನುವ ಅಭಿಮಾನಕ್ಕೆ.

ಹಳೇ ಫೈಲುಗಳ ಕಥೆ ಬೇರೆ. ಅವು ಎಲ್ಲ ಯಂತ್ರಕ್ಕೂ ಅರ್ಥವಾಗುವ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದು. ನುಡಿ ಫಾಂಟ್ ತೆಗೆದರೆ 'ಕನ್ನಡ' ಅನ್ನುವುದು ಒಂದು ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಗುರುತು ಅಂತ ಬಿದ್ದುಕೊಂಡಿರುತ್ತದೆ. ವೈನ್ ಅನ್ನುವ ತಂತ್ರಾಂಶ ಹಾಕಿ ಪೇಜ್‌ಮೇಕರನ್ನು ಲಿನಕ್ಸಿನಲ್ಲೇ ಓಡಿಸಬಹುದೇನೋ ಅಂದಳು. ಓಡುವ ಎತ್ತನ್ನು ಯಾಕೆ ಬಿಚ್ಚಬೇಕು ಅಂತ ನಾನು ಆ ತಂಟೆಗೆ ಹೋಗಲಿಲ್ಲ.

ಅಂಗಡಿಯ ಹುಡುಗ ಎರಡನೇ ದಿನ ಬೆಳಿಗ್ಗೆ ಆನ್ ಮಾಡಿ, "ಅಣ್ಣಾ, ಯಾರೋ ಕಂಪ್ಯೂಟ್ರು ಬದಲಾಯಿಸಿಬಿಟ್ಟವ್ರೆ" ಅಂತ ಫೋನು ಮಾಡಿದ. ಮೆನು ಹತ್ತು ಸೆಕೆಂಡ್ ಕಾಯುತ್ತದೆ, ಯಾರೂ ಆರಿಸದಿದ್ದರೆ ಮಿಂಟಿಗೆ ಹೋಗುತ್ತಿತ್ತು. ಈಗ ಕಳೆದ ಸಲ ಯಾವುದನ್ನು ಆರಿಸಿತ್ತೋ ಅದೇ ಬರುವ ಹಾಗೆ ಮಾಡಿದ್ದೇನೆ.

ಮೊನ್ನೆ ದೇವಸ್ಥಾನದ ಕಮಿಟಿಯವರೊಬ್ಬರು ಬಂದರು. ಹಳೇ ಹ್ಯಾಂಡ್‌ಬಿಲ್ಲು ಹಿಡಿದುಕೊಂಡಿದ್ದರು, ಅರಿಶಿನದ ಕಲೆ ಅಂಟಿತ್ತು. "ತಾರೀಕು ಬದಲಾಯ್ಸಿ, ಅಧ್ಯಕ್ಷರ ಹೆಸ್ರು ಬದಲಾಯ್ಸಿ, ನಂಗೆ ವಾಟ್ಸಾಪ್ ಮಾಡಿಬಿಡಿ." ನಾನು ಲಿನಕ್ಸಿನಲ್ಲಿ ಜಿಎಸ್‌ಟಿ ತುಂಬುತ್ತಿದ್ದೆ. ಮುಗಿಸಿ, ರೀಸ್ಟಾರ್ಟ್, ಕೆಳಬಾಣ, ವಿಂಡೋಸ್. ಪೇಜ್‌ಮೇಕರಿನಲ್ಲಿ ತಿದ್ದಿ, ಪಿಡಿಎಫ್ ಮಾಡಿ ಡಿ ಡ್ರೈವಿಗೆ ಹಾಕಿದೆ. ಮತ್ತೆ ರೀಸ್ಟಾರ್ಟ್, ಲಿನಕ್ಸ್, ಡಿ ಡ್ರೈವ್ ತೆರೆದು ವಾಟ್ಸಾಪ್.

ಅವರು ಎಲ್ಲವನ್ನೂ ನೋಡುತ್ತಾ ಕೂತಿದ್ದರು. "ಕರೆಂಟು ಎರಡು ಸಲ ಹೋಯ್ತಲ್ಲ, ಫ್ಯಾನು ಮಾತ್ರ ತಿರುಗ್ತಾನೇ ಇತ್ತು, ಅದೆಂಗೆ?" ಅಂದರು.

"ಯುಪಿಎಸ್" ಅಂದೆ. ಇನ್ನೂರು ರೂಪಾಯಿ ಇಸಕೊಂಡೆ.